ಮಾಡ ಇಲ್ಲದ ಮನೆಯಲ್ಲಿ ಒಂದು ಬೇಸಿಗೆ

ಅತ್ತೆ ನವಲಗುಂದದ ಹತ್ತಿರದ ಹಳ್ಳಿ ಬಿಟ್ಟು ಹುಬ್ಬಳ್ಳಿಯ ನಮ್ಮ ಬಾಡಿಗೆ ಮನೆಗೆ ಬಂದಾಗ ಎರಡು ಟ್ರಂಕು, ಸುತ್ತಿ ಕಟ್ಟಿದ ಒಂದು ಜಮಖಾನ, ಒಂದು ಬಟ್ಟೆಯ ಕೈಚೀಲ ತಂದಿದ್ದರು. ಮಾವ ತೀರಿಕೊಂಡು ಆಗ ನಾಲ್ಕು ತಿಂಗಳು. ಟ್ರಂಕುಗಳು ಮಂಚದ ಕೆಳಗೆ ಸೇರಿದವು, ಜಮಖಾನ ಕಪಾಟಿನ ನೆತ್ತಿಗೆ ಏರಿತು. ಕೈಚೀಲ ಮಾತ್ರ ಅವರ ದಿಂಬಿನ ಪಕ್ಕದಲ್ಲೇ ಉಳಿಯಿತು. ಕನ್ನಡಕ, ಬಿ.ಪಿ. ಮಾತ್ರೆ, ವಿಭೂತಿ ಗಟ್ಟಿ, ಹಣಿಗೆ, ಎಲೆ ಅಡಿಕೆಯ ಸಂಚಿ, ಮಾವನದೊಂದು ಚಿಕ್ಕ ಫೋಟೊ ಎಲ್ಲವೂ ಅದರೊಳಗೆ. ಬೇಕಾದಾಗ ತೆಗೆಯುವುದು, ಕೆಲಸ ಮುಗಿದ ಕೂಡಲೇ ಮತ್ತೆ ಒಳಗಿಟ್ಟು ಬಾಯಿಯ ದಾರ ಎಳೆಯುವುದು. ಎಂಟು ತಿಂಗಳು ಹೀಗೇ ನಡೆದಿತ್ತು. ನೆಂಟರ ಮನೆಗೆ ಬಂದವರು ಹಾಗೆ ಇಟ್ಟುಕೊಳ್ಳುತ್ತಾರೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ನಾನು ಶಾಲೆಯಲ್ಲಿ ಪಾಠ ಮಾಡುವವಳು. ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಶುರುವಾದಾಗ ಈ ಸಲ ಮನೆಯನ್ನು ಒಂದು ಹದಕ್ಕೆ ತರಲೇಬೇಕು ಅಂದುಕೊಂಡೆ. ಎರಡು ಕೋಣೆ, ಒಂದು ಹಾಲ್, ಅಡುಗೆಮನೆ, ಐದು ಜನ. ಮನೆ ಮಾಲೀಕರು ಬಣ್ಣ ಬಳಿಸಿ ಕೊಟ್ಟಿದ್ದರು. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬಾರದು ಎನ್ನುವುದು ಅವರ ಕರಾರು. ಎಂಟನೇ ತರಗತಿ ಮುಗಿಸಿದ ಮಗಳು ಮೊಬೈಲಿನಲ್ಲಿ ಅಂದದ ಮನೆಗಳ ಚಿತ್ರ ತೋರಿಸಿ ಅದು ತರಿಸೋಣ, ಇದು ತರಿಸೋಣ ಎನ್ನುತ್ತಿದ್ದಳು. ಬೆತ್ತದ ಬುಟ್ಟಿ, ಪ್ಲಾಸ್ಟಿಕ್ ಡಬ್ಬಿಗಳ ಸೆಟ್ಟು, ಗೋಡೆಗೆ ಅಂಟಿಸುವ ಕೊಕ್ಕೆ. ಹಿಂದೆ ಎರಡು ಸಲ ಹಾಗೆ ತರಿಸಿದ್ದೆವು. ಡಬ್ಬಿಗಳು ಬಂದವು, ಸಾಮಾನು ಮಾತ್ರ ಡಬ್ಬಿಯ ಹೊರಗೇ ಉಳಿಯಿತು. ಯಾಕೆ ಹೀಗಾಗುತ್ತದೆ ಎಂದು ತಿಳಿಯದೆ ಮೂರನೇ ಸಲ ದುಡ್ಡು ಹಾಕಲು ನನಗೆ ಮನಸ್ಸಿರಲಿಲ್ಲ.

ಅದಕ್ಕೇ ಒಂದು ವಾರ ಏನನ್ನೂ ಜೋಡಿಸದೆ, ಏನನ್ನೂ ಎತ್ತಿಡದೆ ಬರೀ ಬರೆದುಕೊಂಡೆ. ರಾತ್ರಿ ಹತ್ತಕ್ಕೆ ಒಂದು ನೋಟ್‌ಬುಕ್ ಹಿಡಿದು ಮನೆ ತುಂಬ ಓಡಾಡಿ ಯಾವ ವಸ್ತು ಎಲ್ಲಿ ಬಿದ್ದಿದೆ ಎಂದು ಗುರುತು ಹಾಕುವುದು. ಏಳು ರಾತ್ರಿಯಲ್ಲಿ ಐದು ರಾತ್ರಿ ಗಾಡಿಯ ಕೀಲಿ ಫ್ರಿಜ್ಜಿನ ಮೇಲಿತ್ತು. ಕರೆಂಟ್ ಬಿಲ್ಲು, ಔಷಧಿ ಚೀಟಿ, ಮದುವೆ ಕರೆಯೋಲೆಗಳು ಟಿವಿಯ ಹಿಂದೆ. ಮಗನ ಸಾಕ್ಸು ಏಳಕ್ಕೆ ಏಳು ದಿನವೂ ಹಾಲ್‌ನ ಕಿಟಕಿಯ ಕೆಳಗೆ, ಏಕೆಂದರೆ ಅವನು ಅಲ್ಲೇ ಕುಳಿತು ಬೂಟು ಬಿಚ್ಚುತ್ತಾನೆ. ಕತ್ತರಿ ಒಂದೊಂದು ದಿನ ಒಂದೊಂದು ಕಡೆ. ನೋಟ್‌ಬುಕ್ಕನ್ನು ಮತ್ತೆ ಓದಿದಾಗ ಎರಡು ವಿಷಯ ಕಂಡವು. ಕತ್ತರಿಯೊಂದನ್ನು ಬಿಟ್ಟರೆ ವಸ್ತುಗಳು ಸಿಕ್ಕಸಿಕ್ಕಲ್ಲಿ ಬೀಳುತ್ತಿರಲಿಲ್ಲ, ಬಿದ್ದ ಕಡೆಯೇ ಬೀಳುತ್ತಿದ್ದವು. ನಾನು ಅವುಗಳಿಗೆ ಜಾಗ ಮಾಡಿಟ್ಟಿದ್ದು ಕೈ ನಿಲ್ಲುವ ಕಡೆಯಲ್ಲ, ನೋಡಲು ಚೆಂದ ಅನಿಸಿದ ಕಡೆ. ಇನ್ನೊಂದು, ಅಷ್ಟೂ ಪುಟದಲ್ಲಿ ಅತ್ತೆಯ ಹೆಸರಿನ ಮುಂದೆ ಒಂದೂ ವಸ್ತು ಇರಲಿಲ್ಲ. ಈ ಮನೆಯಲ್ಲಿ ಅವರು ಏನನ್ನೂ ಎಲ್ಲೂ ಇಡುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಕೇಳಿದೆ, “ಅತ್ತಿ, ಊರ ಮನೆಯಲ್ಲಿ ನಿಮ್ಮ ಕನ್ನಡಕ, ಮಾತ್ರೆ ಎಲ್ಲ ಎಲ್ಲಿಡ್ತಿದ್ರಿ?”

“ಮಾಡದಾಗ,” ಎಂದರು. “ನಮ್ಮ ಮನ್ಯಾಗ ಗೋಡಿಗೊಂದ ಮಾಡ ಇದ್ವು. ಯಾರ್ದು ಯಾವ ಮಾಡ ಅಂತ ಎಲ್ಲಾರ್ಗೂ ಗೊತ್ತಿರ್ತಿತ್ತು. ಕತ್ತಲಾಗ ಕೈ ಹಾಕಿದ್ರೂ ಸಿಗ್ತಿತ್ತು. ಇಲ್ಲಿ ಗೋಡಿ ಭಾಳ ನುಣ್ಣಗ ಅದಾವ ಖರೆ, ಒಂದ ಸೂಜಿ ಇಡಾಕ ಜಾಗ ಇಲ್ಲ ನೋಡವಾ.”

ನಾನು ದಾವಣಗೆರೆಯಲ್ಲಿ ಬೆಳೆದವಳಾದರೂ ಅಜ್ಜಿಯ ಮನೆಯ ಮಾಡಗಳು ನನಗೂ ನೆನಪಿವೆ. ಮಣ್ಣಿನ ಗೋಡೆ ಒಂದೂವರೆ ಎರಡು ಅಡಿ ದಪ್ಪ ಇರುತ್ತಿದ್ದುದರಿಂದ ಅದರ ಹೊಟ್ಟೆಯಲ್ಲೇ ಗೂಡು ಬಿಡಲು ಆಗುತ್ತಿತ್ತು. ದೀಪಕ್ಕೊಂದು, ಎಣ್ಣೆ ಗಿಂಡಿಗೊಂದು, ಬಾಚಣಿಗೆ ಕನ್ನಡಿಗೊಂದು. ಈಗಿನ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯಲ್ಲಿ ಗೂಡು ಎಲ್ಲಿಂದ ಬರಬೇಕು? ಗೋಡೆ ತೆಳ್ಳಗಾದಾಗ ಮಾಡ ಹೋಯಿತು. ಅದರ ಬದಲಿಗೆ ಕಪಾಟು ಬಂತು. ಆದರೆ ಕಪಾಟಿಗೆ ಬಾಗಿಲಿದೆ, ಬಾಗಿಲಿಗೆ ಚಿಲಕವಿದೆ. ಕೈ ಅಷ್ಟು ದೂರ ಹೋಗುವುದಿಲ್ಲ.

ಆ ದಿನವೇ ಟ್ರಂಕು ಹೊರಗೆಳೆದೆವು. ಮೊದಲನೆಯದರಲ್ಲಿ ಉಟ್ಟು ಮೆತ್ತಗಾದ ಇಳಕಲ್ ಸೀರೆಗಳು, ಮಾವನ ಧೋತರಗಳು. ಎರಡನೆಯದರ ಮುಚ್ಚಳ ತೆಗೆದಾಗ ಮಗಳು ‘ಅಬ್ಬಾ’ ಎಂದಳು. ಅದರ ತುಂಬ ಖಣ, ಕುಪ್ಪಸ ಹೊಲಿಸುವ ಬಟ್ಟೆಯ ತುಂಡುಗಳು. ಉತ್ತರ ಕರ್ನಾಟಕದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮದುವೆ, ಸೀಮಂತ, ಹಬ್ಬ, ತವರಿಗೆ ಹೋಗಿ ಬಂದದ್ದು, ಪ್ರತಿ ಸಲ ಉಡಿ ತುಂಬುವಾಗಲೂ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತುತ್ತಿಯ ಜೊತೆ ಒಂದು ಕುಪ್ಪಸದ ಖಣ ಬರುತ್ತದೆ. ಹೊಲಿಸಿದ್ದು ನಾಲ್ಕಾದರೆ ಇಟ್ಟದ್ದು ನಲವತ್ತು. ಗುಳೇದಗುಡ್ಡದಲ್ಲಿ ನೇಯುವ ಆ ಖಣಗಳ ಮೇಲೆ ಒತ್ತೊತ್ತಾಗಿ ನೇಯ್ಗೆಯಲ್ಲೇ ಮೂಡಿದ ಸಣ್ಣ ಸಣ್ಣ ಹೂವು, ತೇರು, ಬಳ್ಳಿ. ಎರಡು ಬದಿಗೂ ಬೇರೆ ಬಣ್ಣದ ದಡಿ. ಕೆಂಪು, ಹಸಿರು, ನೇರಳೆ, ಅರಿಶಿನ. ಐವತ್ತು ವರ್ಷ ಯಾರು ಯಾರೋ ಅವರ ಮಡಿಲಿಗೆ ಹಾಕಿದ್ದು. ಅತ್ತೆ ಒಂದೊಂದನ್ನೇ ಎತ್ತಿ ಇದು ಇಂಥವರ ಮದುವೆಯದು, ಇದು ದೊಡ್ಡ ನಾದಿನಿ ಕೊಟ್ಟದ್ದು ಎಂದು ಹೇಳುತ್ತಾ ಹೋದರು. ಎಂಟು ತಿಂಗಳಲ್ಲಿ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕತ್ತರಿ ಹಾಕಬಹುದೇ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಅವರೇ ಅಂದರು, “ಪೆಟ್ಟಿಗ್ಯಾಗ ಇಟ್ಟು ಏನ ಮಾಡೂದು, ನುಸಿ ತಿಂತಾವ. ಕಣ್ಣಿಗಿ ಬೀಳೂವಂಗ ಆಗ್ಲಿ.”

ಮೊದಲು ಹೊಲಿದದ್ದು ಅತ್ತೆಯ ಮಂಚಕ್ಕೆ. ಒಂದು ಹಳೆಯ ದಪ್ಪ ಬೆಡ್‌ಶೀಟಿನಿಂದ ಹದಿನೆಂಟು ಇಂಚು ಅಗಲ, ಮೂವತ್ತು ಇಂಚು ಉದ್ದದ ತುಂಡು ತೆಗೆದು, ಅದರ ಕೆಳಗಿನ ಭಾಗಕ್ಕೆ ನಾಲ್ಕು ಕಿಸೆ ಹಚ್ಚಿದೆವು. ಮೇಲಿನ ಅರ್ಧ ಗಾದಿಯ ಅಡಿಗೆ ಹೋಗುತ್ತದೆ, ಗಾದಿಯ ಭಾರವೇ ಅದನ್ನು ಹಿಡಿಯುತ್ತದೆ. ಕಿಸೆಗಳು ಮಂಚದ ಪಕ್ಕಕ್ಕೆ ಇಳಿಬೀಳುತ್ತವೆ. ಮೊಳೆ ಬೇಡ, ಕೊಕ್ಕೆ ಬೇಡ. ಕನ್ನಡಕದ ಕಿಸೆ ಕಿರಿದು, ಮಾತ್ರೆಯದು ಅಗಲ, ಸಂಚಿಯದು ಆಳ. ಅಳತೆಗೆ ವಸ್ತುವನ್ನೇ ಇಟ್ಟು ನೋಡಿ ಗುರುತು ಹಾಕಿದೆವು. ಮಲಗಿದಲ್ಲಿಂದ ಎಡಗೈ ಚಾಚಿದರೆ ಕನ್ನಡಕ ಸಿಗಬೇಕು ಎಂದು ಅವರನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಕೈ ಎಲ್ಲಿ ಬರುತ್ತದೆಂದು ಮಗ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಮೂರನೇ ದಿನ ನೋಡಿದರೆ ಕೈಚೀಲ ಒಗೆದು ಹಗ್ಗದ ಮೇಲೆ ಒಣಗಲು ಹಾಕಿದ್ದರು. ನಾನು ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಾಗಿಲ ಬಳಿಯ ಕಿಸೆಪಟ್ಟಿಗೆ ಮಾತ್ರ ಎರಡು ಸಲ ಬಿಚ್ಚಿ ಹೊಲಿಯಬೇಕಾಯಿತು. ಕೀಲಿ, ಬಿಲ್ಲು, ಮಗನ ಶಾಲೆಯ ಗುರುತಿನ ಚೀಟಿ, ಕತ್ತರಿ ಎಲ್ಲಕ್ಕೂ ಒಂದೇ ಕಡೆ ಜಾಗ ಆಗಲಿ ಎಂದು ಇಪ್ಪತ್ತೆರಡು ಇಂಚು ಅಗಲ, ಮೂವತ್ತನಾಲ್ಕು ಇಂಚು ಉದ್ದದ ಪಟ್ಟಿ ಮಾಡಿದ್ದೆ. ಮೊದಲ ತಪ್ಪು, ಬೆನ್ನಿಗೆ ಧೋತರದ ಬಟ್ಟೆ ಹಾಕಿದ್ದು. ಕತ್ತರಿ, ಕೀಲಿಗಳ ಭಾರಕ್ಕೆ ಅದು ನಡುವೆ ಜೋತು ಬಿತ್ತು. ಬಿಚ್ಚಿ ಒಗೆದ ಗೋಣಿತಟ್ಟು ಹಾಕಿದೆ. ಎರಡನೆಯದು, ಏಳು ಇಂಚಿನ ಕಿಸೆಗೆ ಏಳು ಇಂಚಿನ ಬಟ್ಟೆಯನ್ನೇ ಕತ್ತರಿಸಿದ್ದು. ಖಾಲಿ ಇದ್ದಾಗ ನೀಟಾಗಿ ಕಾಣುತ್ತದೆ, ಒಳಗೆ ಏನಾದರೂ ಇಟ್ಟ ಕೂಡಲೇ ಇಡೀ ಪಟ್ಟಿ ಸೊಟ್ಟಗಾಗುತ್ತದೆ. ಕಿಸೆಗೆ ಹತ್ತು ಇಂಚಿನ ಬಟ್ಟೆ ತೆಗೆದುಕೊಂಡು, ಹೆಚ್ಚಿನ ಮೂರು ಇಂಚನ್ನು ತಳದಲ್ಲಿ ಎರಡು ನಿರಿಗೆಯಾಗಿ ಮಡಚಿ ಹೊಲಿದರೆ ಕಿಸೆಗೆ ಹೊಟ್ಟೆ ಬರುತ್ತದೆ. ಖಣ ತೆಳುವಾದ್ದರಿಂದ ಒಳಗೆ ಧೋತರದ ಅಸ್ತರು ಕೊಟ್ಟೆ. ಖಣದ ದಡಿಯೇ ಕಿಸೆಯ ಬಾಯಿಗೆ ಬರುವಂತೆ ಇಟ್ಟರೆ ಅಂಚು ಮಡಿಸುವ ಕೆಲಸವೂ ಉಳಿಯುತ್ತದೆ, ನೋಡಲೂ ಚೆಂದ. ಮೇಲಿನ ಮಡಿಕೆಯಲ್ಲಿ ಪರದೆಯ ಹಳೆಯ ಪೈಪು ತೂರಿಸಿ, ಬಾಗಿಲ ಪಕ್ಕದ ಕಿಟಕಿ ಸರಳಿಗೆ ಎರಡು ಕಡೆ ಕಟ್ಟಿದೆವು. ಸರಳಿರುವ ಕಿಟಕಿ ನಮ್ಮ ಕಡೆ ಇಲ್ಲದ ಮನೆಯೇ ಇಲ್ಲ. ಬಾಡಿಗೆಯವರಿಗೆ ಅದರಷ್ಟು ಗಟ್ಟಿ ಮೊಳೆ ಬೇರೊಂದಿಲ್ಲ. ಅದೇ ಕಿಟಕಿಯ ಕೆಳಗೆ, ಮಗ ಬೂಟು ಬಿಚ್ಚುವಲ್ಲೇ, ಸಾಕ್ಸಿಗೆ ಒಂದು ಬಿದಿರಿನ ಬುಟ್ಟಿ ಇಟ್ಟೆ. ಹೇಳುವ, ಗದರುವ ಕೆಲಸ ಅವತ್ತಿಗೇ ನಿಂತಿತು.

ಅಡುಗೆಮನೆಯದು ಹೆಚ್ಚು ಹೇಳುವಂಥದ್ದೇನಲ್ಲ. ಹಾರ್ಲಿಕ್ಸ್, ಉಪ್ಪಿನಕಾಯಿ, ಜಾಮ್ ಬಾಟಲಿಗಳು ಬೇಕಾದಷ್ಟಿದ್ದವು. ಬಿಸಿ ನೀರಲ್ಲಿ ನೆನೆಸಿ ಕಾಗದ ಕಿತ್ತ ಮೇಲೂ ಉಳಿಯುವ ಅಂಟಿಗೆ ಕೊಬ್ಬರಿ ಎಣ್ಣೆಯಲ್ಲಿ ಅಡುಗೆ ಸೋಡಾ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಗಾಜು ಹೊಳೆಯುತ್ತದೆ. ಮಗ ಹೆಸರುಗಳನ್ನು ದುಂಡಗೆ ಕನ್ನಡದಲ್ಲಿ ಬರೆದು ಅಂಟಿಸಿದ: ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮಡಕಿ ಕಾಳು. ಊಟಕ್ಕೆ ದಿನಾ ಬೇಕಾಗುವ ಹಿಂಡಿಗಳಿಗೆಲ್ಲ, ಅಂದರೆ ಚಟ್ನಿಪುಡಿಗಳಿಗೆಲ್ಲ, ಒಂದು ತಟ್ಟೆಯಂಥ ಪೆಟ್ಟಿಗೆ ಮಾಡಲು ಹೋಗಿ ಮೋಸಹೋದೆ. ರಟ್ಟಿನ ಪೆಟ್ಟಿಗೆಗೆ ಮೈದಾ ಅಂಟು ಕಾಯಿಸಿ ಖಣ ಹಚ್ಚಿದ್ದೆ. ನಾಲ್ಕನೇ ರಾತ್ರಿಗೇ ಜಿರಲೆಗಳು ಅಂಟಿನ ವಾಸನೆ ಹಿಡಿದು ಮೂಲೆ ಕೆರೆದಿದ್ದವು. ಪುಸ್ತಕಕ್ಕೆ ರಟ್ಟು ಕಟ್ಟುವವರು ಇದಕ್ಕೇ ಅಂಟಿಗೆ ಮೈಲುತುತ್ತ ಸೇರಿಸುತ್ತಾರೆ. ಆದರೆ ಅದು ವಿಷ, ತಿನ್ನುವ ಪದಾರ್ಥದ ಬಳಿ ತರಬಾರದು. ಹಾಗಾಗಿ ಮೈದಾ ಅಂಟಿನ ಕೆಲಸ ಅಡುಗೆಮನೆಗೆ ಬೇಡವೇ ಬೇಡ. ಈಗ ಹಿಂಡಿಯ ಬಾಟಲಿಗಳು ಒಂದು ಹಳೆಯ ಸ್ಟೀಲ್ ಪರಾತದಲ್ಲಿ ಕೂತಿವೆ. ಒರೆಸಲೂ ಸುಲಭ.

ಮಗಳ ನೆಲುವಿನ ವಿಷಯ ಹೇಳಲೇಬೇಕು. ಹೂವಿನ ಕುಂಡ ನೇತುಹಾಕುವ ಗಂಟಿನ ಹಗ್ಗದ ಅಲಂಕಾರವೊಂದನ್ನು ಅವಳು ಮೊಬೈಲಿನಲ್ಲಿ ನೋಡಿಟ್ಟಿದ್ದಳು. ಬೆಲೆ ಎಂಟುನೂರು ರೂಪಾಯಿ. ಅಜ್ಜಿಗೆ ತೋರಿಸಿದಳು. ಅತ್ತೆ ಕನ್ನಡಕ ಏರಿಸಿ, ಮೊಬೈಲನ್ನು ದೂರ ಹಿಡಿದು ನೋಡಿ, “ಇದು ನೆಲುವಲ್ಲೇನು! ಮಸರಿನ ಗಡಿಗಿ ಇಡೂದು. ನಾ ಎಷ್ಟ ಕಟ್ಟೇನಿ,” ಎಂದರು. ಬೆಕ್ಕು, ಇರುವೆಗಳಿಂದ ಹಾಲು ಮೊಸರು ಕಾಪಾಡಲು ಜಂತಿಯಿಂದ ಇಳಿಬಿಡುತ್ತಿದ್ದ ನೆಲುವು. ಕೃಷ್ಣ ಬೆಣ್ಣೆ ಕದಿಯುವ ಚಿತ್ರಗಳಲ್ಲೆಲ್ಲ ಇರುವುದು ಅದೇ. ಊರಲ್ಲಿ ಪುಂಡಿ ನಾರಿನ ಹಗ್ಗದಲ್ಲಿ ಹೆಣೆಯುತ್ತಿದ್ದರಂತೆ. ನಮಗೆ ಸಿಕ್ಕಿದ್ದು ಹತ್ತಿಯ ಹಗ್ಗ.

ಎಂಟೆಂಟು ಅಡಿಯ ನಾಲ್ಕು ಹಗ್ಗ. ನಾಲ್ಕನ್ನೂ ನಡುವೆ ಮಡಚಿ ತಲೆಗೆ ಒಂದು ಕುಣಿಕೆ ಮಾಡಿದರೆ ಕೆಳಗೆ ಎಂಟು ಎಳೆ ಇಳಿಯುತ್ತವೆ. ಎರಡೆರಡು ಎಳೆ ಸೇರಿಸಿ ಎರಡು ಅಡಿ ಕೆಳಗೆ ಒಂದೊಂದು ಗಂಟು. ಹೀಗೆ ನಾಲ್ಕು ಗಂಟು. ಅಲ್ಲಿಂದ ನಾಲ್ಕು ಬೆರಳು ಬಿಟ್ಟು, ಈ ಗಂಟಿನ ಒಂದು ಎಳೆ, ಪಕ್ಕದ ಗಂಟಿನ ಒಂದು ಎಳೆ ಹಿಡಿದು ಮತ್ತೆ ನಾಲ್ಕು ಗಂಟು. ಇದು ಬಲೆಯಾಗುತ್ತದೆ. ಇನ್ನೂ ನಾಲ್ಕು ಬೆರಳು ಕೆಳಗೆ ಎಂಟೂ ಎಳೆಗೆ ಒಂದೇ ದೊಡ್ಡ ಗಂಟು. ಮಗಳು ನೆಲದ ಮೇಲೆ ಹರಡಿಕೊಂಡು ಕಟ್ಟಿದಳು, ಕುಂಡ ಇಟ್ಟಾಗ ಅದು ವಾಲಿತು. ಗಂಟುಗಳು ಒಂದೇ ಮಟ್ಟದಲ್ಲಿರಲಿಲ್ಲ. ಅತ್ತೆ ಎಲ್ಲ ಬಿಚ್ಚಿಸಿ, ಕುಣಿಕೆಯನ್ನು ಮೊದಲು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಹಗ್ಗ ಇಳಿಬಿಟ್ಟು, ನಿಂತುಕೊಂಡು ಕಟ್ಟಲು ಹೇಳಿಕೊಟ್ಟರು. ಜೋತಾಡುವ ವಸ್ತುವನ್ನು ಜೋತಾಡುತ್ತಿರುವಾಗಲೇ ಕಟ್ಟಬೇಕು. ಆಮೇಲೆ ಕುಂಡ ಇಡುವ ಮೊದಲು ನೀರು ತುಂಬಿದ ತಾಮ್ರದ ಕೊಡಪಾನ ಇಟ್ಟು ಒಂದು ರಾತ್ರಿ ಬಿಟ್ಟೆವು, ಗಂಟುಗಳೆಲ್ಲ ಬಿಗಿದುಕೊಂಡವು. ಹಾಲ್‌ನ ಛಾವಣಿಯಲ್ಲಿ ತೊಟ್ಟಿಲಿಗೆಂದು ಬಿಟ್ಟ ಕೊಂಡಿ ಇತ್ತು, ಅದಕ್ಕೆ ನೇತುಹಾಕಿದೆವು. ಕುಂಡಕ್ಕೆ ಮಗಳು ಕೆಮ್ಮಣ್ಣು ಬಳಿದು ಸುಣ್ಣದಲ್ಲಿ ಎಳೆ ರಂಗೋಲಿ ಬರೆದಳು. ಊರ ಮನೆಯ ಗೋಡೆಯ ಬುಡಕ್ಕೆ ಅತ್ತೆ ಪ್ರತಿ ದೀಪಾವಳಿಗೆ ಎಳೆಯುತ್ತಿದ್ದ ಕಾರಣೆಯ ಬಣ್ಣಗಳೇ ಅವು. ನೀರು ಹಾಕುವಾಗ ಮಾತ್ರ ಕುಂಡವನ್ನು ಕೆಳಗಿಳಿಸುತ್ತೇವೆ, ಹತ್ತಿ ಹಗ್ಗ ದಿನಾ ನೆನೆದರೆ ಕೊಳೆಯುತ್ತದೆ. ಇನ್ನೊಂದು ನೆಲುವು ಅಡುಗೆಮನೆಯಲ್ಲಿದೆ, ಬಳ್ಳೊಳ್ಳಿ ಉಳ್ಳಾಗಡ್ಡಿಯ ಬುಟ್ಟಿಗೆ. ಗಾಳಿ ಆಡುವುದರಿಂದ ಬೇಗ ಮೊಳಕೆ ಬರುವುದಿಲ್ಲ, ಕೊಳೆಯುವುದಿಲ್ಲ.

ಕಪಾಟಿನ ಮೇಲಿದ್ದ ಜಮಖಾನವನ್ನೂ ಇಳಿಸಿದೆವು. ನವಲಗುಂದದ ಹೆಂಗಸರು ಮನೆಯೊಳಗೇ ಮಗ್ಗ ಹೂಡಿ ನೇಯುವ ಜಮಖಾನಗಳು ಅವು. ನವಿಲು, ಪಗಡೆ ಹಾಸು ಅವರ ಗುರುತು. ನಮ್ಮದರಲ್ಲಿ ನಡುವೆ ಪಗಡೆ ಹಾಸು, ನಾಲ್ಕು ಕಡೆ ನವಿಲು. ಎರಡು ತುದಿ ಎಳೆ ಬಿಟ್ಟಿದ್ದವು. ಕತ್ತರಿಸಿ ಎರಡು ಮಾಡೋಣ ಎಂದು ಮಗ ಅಂದ. ಅದಕ್ಕೆ ಮಾತ್ರ ಕತ್ತರಿ ತಾಕಿಸಬಾರದು ಎಂದೆ. ತುದಿಗೆ ಎರಡು ಇಂಚಿನ ಖಣದ ಪಟ್ಟಿ ಕೊಟ್ಟು ಕಟ್ಟಿದೆವು. ಈಗ ಮಕ್ಕಳು ಅದರ ಮೇಲೆ ಕೂತು ಓದುತ್ತಾರೆ. ಸಂಜೆ ಅತ್ತೆ ಹುಣಸೆ ಬೀಜ ಹಿಡಿದು ಕೂತರೆ ಅಲ್ಲೇ ಪಗಡೆಯೂ ನಡೆಯುತ್ತದೆ.

ಇನ್ನು ಕೌದಿ, ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿಯುವ ಹೊದಿಕೆ. ರಜೆಯ ಬಹುಪಾಲು ಹೋದದ್ದು ಅದಕ್ಕೇ.

ಕೌದಿ ಹೊಲಿಯುವುದು ಬೇಸಿಗೆಯ ಕೆಲಸ. ಸುಗ್ಗಿ ಮುಗಿದು ಹೊಲದಲ್ಲಿ ಕೆಲಸವಿಲ್ಲದ ದಿನಗಳಲ್ಲಿ, ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂಡಿ ಒಬ್ಬೊಬ್ಬರ ಮನೆಯ ಕೌದಿ ಮುಗಿಸಿ ಇನ್ನೊಬ್ಬರದಕ್ಕೆ ಕೈ ಹಾಕುತ್ತಿದ್ದರಂತೆ. ನಮಗೆ ಕಟ್ಟೆ ಇಲ್ಲ, ಮಾಳಿಗೆ ಇದೆ. ಬೆಳಿಗ್ಗೆ ಆರೂವರೆಯಿಂದ ಎಂಟೂವರೆವರೆಗೆ ನೀರಿನ ಟ್ಯಾಂಕಿನ ನೆರಳು ಬೀಳುವಲ್ಲಿ ಕೂರುವುದು, ಬಿಸಿಲು ಏರಿದರೆ ಸುತ್ತಿಕೊಂಡು ಇಳಿಯುವುದು.

ಐದು ಅಡಿ ಅಗಲ, ಏಳು ಅಡಿ ಉದ್ದ, ಐದು ಪದರ ಎಂದು ತೀರ್ಮಾನಿಸಿದೆವು. ಮೇಲೆ ಕೆಳಗೆ ಎಂಟು ವಾರಿಯ ಎರಡು ಇಳಕಲ್ ಸೀರೆ, ಹೊಟ್ಟೆಗೆ ಧೋತರ. ನಾನು ಮಾಡಲು ಹೊರಟ ಎರಡು ತಪ್ಪನ್ನು ಅತ್ತೆ ಮೊದಲೇ ತಡೆದರು. ಸೆರಗನ್ನು ಸೇರಿಸಲು ಹೋಗಿದ್ದೆ. ಇಳಕಲ್ ಸೀರೆಯ ಕೆಂಪು ಸೆರಗು ರೇಷ್ಮೆಯದು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದ ತೋಪುತೆನೆ ಅದು. ಹತ್ತಿಯ ನಡುವೆ ಅದು ಜಾರುತ್ತದೆ, ಬೇಗ ಸವೆಯುತ್ತದೆ. ಅದನ್ನು ಬೇರೆ ತೆಗೆದಿಟ್ಟು ಆಮೇಲೆ ದಿಂಬಿನ ಚೀಲ ಮಾಡಿದೆ. ಎರಡನೆಯದು, ಮೇಲ್ಪದರಕ್ಕೆ ಖಣದ ಚೌಕಗಳನ್ನು ಹಾಗೇ ಹಚ್ಚಲು ಹೋಗಿದ್ದು. “ಹೊಸಾ ಅರಿವಿ ಹಳೇದಕ್ಕ ಹೊಂದೂದಿಲ್ಲವಾ. ತೊಳದ ಮ್ಯಾಲ ಅದು ಜಗ್ತೈತಿ, ಇದು ಹರೀತೈತಿ,” ಎಂದರು. ನಿಜ, ಉಡದ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ, ಬಣ್ಣವನ್ನೂ ಬಿಡುತ್ತದೆ. ಖಣಗಳನ್ನು ಬಣ್ಣದ ಪ್ರಕಾರ ಬೇರೆ ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, ನೀರು ತಿಳಿಯಾಗುವವರೆಗೆ ತೆಗೆದು, ಒಣಗಿಸಿ, ಇಸ್ತ್ರಿ ಮಾಡಿದೆವು. ಕೆಂಪು ಖಣಗಳಿಗೆ ನಾಲ್ಕು ನೀರು ಬೇಕಾಯಿತು.

ಪದರಗಳನ್ನು ಮಾಳಿಗೆಯ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಇಟ್ಟು, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಸುಕ್ಕು ತೆಗೆದೆವು. ಒಂದೊಂದು ಗೇಣಿಗೆ ಕಚ್ಚಾ ಹೊಲಿಗೆ. ಇದನ್ನು ಅವಸರದಲ್ಲಿ ಮುಗಿಸಿದರೆ ಹೊಟ್ಟೆಯ ಧೋತರ ಒಳಗೇ ಮುದುಡಿಕೊಳ್ಳುತ್ತದೆ, ಅದು ಗೊತ್ತಾಗುವುದು ಅರ್ಧ ಹೊಲಿದ ಮೇಲೆ. ಹಾಗಾಗಿ ಇಡೀ ಒಂದು ಬೆಳಿಗ್ಗೆ ಅದಕ್ಕೇ ಕೊಟ್ಟೆವು. ಆಮೇಲೆ ಒಂದು ಮೂಲೆಯಿಂದ ಸಣ್ಣ ಹೊಲಿಗೆ ಹಿಡಿದು, ಅಂಚಿನ ಗುಂಟ ಸುತ್ತುತ್ತ, ಪ್ರತಿ ಸುತ್ತಿಗೂ ಒಂದು ಬೆರಳು ಒಳಕ್ಕೆ ಸರಿಯುತ್ತ ನಡುವಿಗೆ ಹೋಗಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿ, ಅವರ ಮಾತಿನಲ್ಲಿ ಕವಂದಿ, ಅದೂ ಹೀಗೇ ಅಂಚಿನಿಂದ ಒಳಕ್ಕೆ ಸಾಗುತ್ತದೆ. ಅವರ ಮೂಲೆಗಳಲ್ಲಿ ಮಡಚಿದ ಬಟ್ಟೆಯ ಮುಮ್ಮೂಲೆ ಹೂಗಳಿರುತ್ತವೆ. ಅದನ್ನು ಒಂದು ಕರಕುಶಲ ಪ್ರದರ್ಶನದಲ್ಲಿ ನೋಡಿದ್ದು ನೆನಪಾಗಿ ನಾನೂ ಮೂಲೆಗೊಂದು ಹಸಿರು ಖಣದ ಹೂವು ಹಚ್ಚಿದೆ. ಅತ್ತೆಗೆ ಅದು ಹೊಸದು. ಬೆರಳಲ್ಲಿ ಮುಟ್ಟಿ ನೋಡಿ, “ಛಲೋ ಐತಿ, ಮೂಲಿ ಗಟ್ಟಿ ಆಗ್ತೈತಿ” ಎಂದರು.

ಐದು ಪದರದಲ್ಲಿ ಸೂಜಿ ತೂರಿಸುವುದು ಮೊದಲ ದಿನ ಬಹಳ ನೋವು ಕೊಟ್ಟಿತು. ಎರಡು ಉಪಾಯ ನೆರವಾದವು. ಒಂದು, ಜೋಡಿ ಎಳೆಯ ದಾರವನ್ನು ಮೇಣದ ಬತ್ತಿಯ ಮೇಲೆ ಎಳೆದುಕೊಳ್ಳುವುದು. ಗಂಟು ಬೀಳದೆ ಸರಾಗ ಬರುತ್ತದೆ. ಇನ್ನೊಂದು, ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿಕೊಳ್ಳುವ ದರ್ಜಿಗಳ ಅಂಗುಸ್ತಾನ. ಅತ್ತೆಗೆ ಎರಡೂ ಬೇಕಿರಲಿಲ್ಲ, ಅವರ ಬೆರಳ ತುದಿ ಮೊದಲೇ ಗಟ್ಟಿ. ಅವರ ಹೊಲಿಗೆ ಜೋಳದ ಕಾಳಿನಷ್ಟು ಒಂದೇ ಸಮ. ನನ್ನದು ಅಷ್ಟು ಸಮ ಬರಲಿಲ್ಲ, ಮಗಳದು ಇನ್ನೂ ಉದ್ದ. ಯಾರ ಹೊಲಿಗೆ ಎಲ್ಲಿಂದ ಎಲ್ಲಿಗೆ ಎಂದು ಇವತ್ತಿಗೂ ಗುರುತಿಸಬಹುದು.

ಒಂದು ದಿನ ಮಗಳು ಲೆಕ್ಕ ಹಾಕಿದಳು. ಸಾಲುಗಳ ನಡುವೆ ಮುಕ್ಕಾಲು ಇಂಚು. ಅರವತ್ತು ಇಂಚು ಅಗಲ, ಎಂಬತ್ತನಾಲ್ಕು ಇಂಚು ಉದ್ದ. ಹಾಗಾದರೆ ಎಲ್ಲ ಸಾಲನ್ನೂ ಒಂದಕ್ಕೊಂದು ಜೋಡಿಸಿದರೆ 560 ಅಡಿ ಹೊಲಿಗೆ. ಅತ್ತೆಗೆ ಹೇಳಿದಳು. ಅವರು ಸೂಜಿ ನಿಲ್ಲಿಸದೆ, ತಾವು ಈವರೆಗೆ ಹೊಲಿದ ಕೌದಿಗಳನ್ನು ಬೆರಳು ಮಡಚಿ ಎಣಿಸಿದರು. ಗಂಡನ ತಂಗಿಯರಿಗೆ, ಮಕ್ಕಳ ತೊಟ್ಟಿಲಿಗೆ, ಹೊಲ ಕಾಯಲು ಹೋಗುವ ಮಾವನಿಗೆ. ಹದಿನೇಳಕ್ಕೆ ಬಂದು ನಿಂತರು. ಮಾವನದು ಎಲ್ಲಿ ಎಂದು ಮಗ ಕೇಳಿದ. “ಅವರ ಜೋಡಿ ಕಳಿಸಿದ್ವಿ ತಮ್ಮಾ,” ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸೂಜಿಗಳು ಮಾತ್ರ ಓಡುತ್ತಿದ್ದವು.

ಹತ್ತೊಂಬತ್ತು ಬೆಳಿಗ್ಗೆ ಹಿಡಿಯಿತು. ಮೇ ನಡುವೆ ಎರಡು ದಿನ ಅಡ್ಡ ಮಳೆ ಬಂದು ಕೆಲಸ ಹಾಲ್‌ಗೆ ಇಳಿಯಿತು, ಆಗ ಕೆಳಗಿನ ಮನೆಯ ಅಜ್ಜಿ ಕೂಡ ತಮ್ಮ ಸೂಜಿ ಹಿಡಿದು ಬಂದರು. ಅವರದೂ ಒಂದೂವರೆ ಸಾಲು ಅದರಲ್ಲಿದೆ. ನಡುವಿನಲ್ಲಿ ಅಂಗೈಯಷ್ಟು ಜಾಗ ಉಳಿದಾಗ ಅತ್ತೆ ಒಳಗೆ ಹೋಗಿ ಒಂದು ಚಿಟಿಕೆ ಅಕ್ಕಿ ತಂದರು. “ಕೌದಿ ಖಾಲಿ ಹೊಟ್ಟಿಲೆ ಮುಚ್ಚಬಾರ್ದು,” ಎಂದು ಐದು ಕಾಳು ಪದರದೊಳಗೆ ಹಾಕಿ, ಅದರ ಮೇಲೆ ಒಂದು ಅರಿಶಿನ ಬಣ್ಣದ ಖಣದ ಚೌಕ ಇಟ್ಟು ತಾವೇ ಹೊಲಿದು ಮುಚ್ಚಿದರು. ಆ ಖಣ ನನ್ನ ಮದುವೆಯಲ್ಲಿ ನನ್ನ ತಾಯಿ ಅವರ ಉಡಿಗೆ ಹಾಕಿದ್ದು. ನನಗೆ ನೆನಪಿರಲಿಲ್ಲ, ಅವರಿಗಿತ್ತು.

ಬೇಸಿಗೆಯ ಇಡೀ ಕೆಲಸಕ್ಕೆ ನಾವು ಕೊಂಡದ್ದು ದಾರ, ಸೂಜಿ, ಹತ್ತಿ ಹಗ್ಗ, ಒಂದು ಬಿದಿರಿನ ಬುಟ್ಟಿ, ಕೆಮ್ಮಣ್ಣು, ಎರಡು ಅಂಗುಸ್ತಾನ. 640 ರೂಪಾಯಿ ಆಯಿತು. ಉಳಿದದ್ದೆಲ್ಲ ಮನೆಯಲ್ಲೇ ಇದ್ದದ್ದು. ಹಳೆಯ ಟೀ ಶರ್ಟುಗಳನ್ನು ಜಡೆ ಹೆಣೆದು ಕಾಲೊರಸು ಮಾಡುವುದನ್ನು ಮಗ ಕಲಿತ. ಜಡೆಯನ್ನು ಸುತ್ತುವಾಗ ನೆಲಕ್ಕೆ ಒತ್ತಿಕೊಂಡೇ ಹೊಲಿಯಬೇಕು, ಕೈಯಲ್ಲಿ ಹಿಡಿದು ಹೊಲಿದರೆ ಬಟ್ಟಲಿನಂತೆ ಏಳುತ್ತದೆ ಎಂದು ಈಗ ಗೆಳೆಯರಿಗೆ ಅವನೇ ಹೇಳಿಕೊಡುತ್ತಾನೆ.

ಮಳೆಗಾಲ ಹಿಡಿಯುವ ಮುಂಚೆ ಕೌದಿಗೆ ಮೊದಲ ನೀರು ಕಾಣಿಸಿದೆವು. ನೀರು ಕುಡಿದ ಕೌದಿಯನ್ನು ಒಬ್ಬರು ಎತ್ತುವುದು ಆಗದ ಮಾತು. ನಾನೂ ನಮ್ಮವರೂ ಎರಡು ತುದಿ ಹಿಡಿದು ಹಿಂಡಿದೆವು. ಮಾಳಿಗೆಯ ಗೋಡೆಯ ಮೇಲೆ ಹರಡುವಾಗ ನಾಲ್ಕು ಮೂಲೆಗೆ ನಾಲ್ಕು ಜನ ಬೇಕಾಯಿತು. ಬಣ್ಣ ಬಿಡಲಿಲ್ಲ, ಸುಕ್ಕೂ ಬರಲಿಲ್ಲ. ಒಣಗಿದ ಕೌದಿಯ ಮೇಲೆ ಅಂಗೈ ಆಡಿಸಿ ನೋಡಿದ ಅತ್ತೆ, ಇದು ಮಗಳಿಗಾಯಿತು, ಇನ್ನು ಮಗನಿಗೊಂದು ಆಗಬೇಕು ಎಂದರು.

“ಸೀರಿ ಸಾಲೂದಿಲ್ಲ. ನಿಮ್ಮವ್ವಗ ಕೇಳು, ಹಳೇವು ಇದ್ರ ಕಳಸ್ಲಿ.”

ಅವತ್ತೇ ದಾವಣಗೆರೆಗೆ ಫೋನ್ ಮಾಡಿದೆ. ಅಮ್ಮ ಬೀರುವಿನ ಕೆಳಗಿನ ಅರೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದಾರಂತೆ, ಯಾರಿಗೆ ಕೊಡುವುದೆಂದು ತಿಳಿಯದೆ. ಮುಂದಿನ ವಾರ ಬಸ್ಸಿಗೆ ಹಾಕಿ ಕಳಿಸುತ್ತೇನೆ ಎಂದರು.